ಕರೆದರೆ ಕಣ್ಣು ಬಿಡುವ ಮದ್ದು

ಗೆಳೆಯ ಚಕ್ರಪಾಣಿ,

ನಾನು ಸತ್ತೋದೆ, ತಕ್ಷಣ ಹೊರಡು. ಹೆದರ್ಕೊಂಡ್ಯಾ? ಸುಳ್ಳು ಕಣೋ. ಪಿತ್ತಕೋಶದಲ್ಲಿ ಕಲ್ಲು, ಅಷ್ಟೇ. ಗುರುವಾರ ಬೆಳಗ್ಗೆ ಜೆ.ಪಿ. ನಗರದ ಆಸ್ಪತ್ರೇಲಿ ಆಪರೇಷನ್.

ನನ್ನ ದವಡೆ ಈಗ ಎರಡು ಬೆರಳಗಲಕ್ಕಿಂತ ಜಾಸ್ತಿ ತೆರೆಯಲ್ಲ. ನೀವೆಲ್ಲಾ ಅಷ್ಟು ವರ್ಷ "ಬಾಯ್ಮುಚ್ಚೋ" ಅಂದಿದ್ದು ಫಲಿಸಿದೆ. ಅದಕ್ಕೇ ಉಸಿರಾಟದ ಟ್ಯೂಬನ್ನ ಎಚ್ಚರ ಇರುವಾಗ್ಲೇ ಮೂಗಿನಿಂದ ಇಳಿಸ್ತಾರಂತೆ. ಅರಿವಳಿಕೆ ಡಾಕ್ಟರ್ ಹಂಸಾ ಎರಡು ಔಷಧಿ ಹೇಳಿದ್ರು. ಒಂದು ಕೊಟ್ರೆ ಆಮೇಲೆ ಏನೂ ನೆನಪಿರಲ್ಲ, ಆದ್ರೆ ಉಸಿರು ನಿಧಾನ ಆಗ್ಬಹುದು. ಇನ್ನೊಂದ್ರಲ್ಲಿ ಬರೀ ಮಂಪರು. "ಹೆಸರು ಹಿಡಿದು ಕರೀತಾ ಇರ್ತೀವಿ ಸಾರ್, ನೀವು ಕಣ್ಣು ಬಿಡ್ತೀರಿ" ಅಂದ್ರು.

"ಅದನ್ನೇ ಕೊಡಿ ತಾಯಿ" ಅಂದೆ. "ಅಪಾರ್ಟ್‌ಮೆಂಟಲ್ಲಿ ನಾನು ಎಲ್ಲರಿಗೂ ಅಂಕಲ್. ಶೇಷಗಿರಿ ಅಂತ ಯಾರಾದ್ರೂ ಕರೆದು ಎಷ್ಟು ಕಾಲ ಆಯ್ತೋ."

ಅವರು ನಗಲಿಲ್ಲ. ನಾನೂ ನಗ್ಲಿ ಅಂತ ಹೇಳಿರ್ಲಿಲ್ಲ.

ಸ್ವೆಟರ್ ಹಾಕ್ಕೊಂಡು ಬಾ, ಹೊರಗೆ ಕಾಯೋ ಜಾಗದಲ್ಲಿ ಏಸಿ ಕೊರೆಯತ್ತೆ. ತಿಂಡಿ ತಿಂದ್ಕೊಂಡೇ ಬಾ.

ಇಷ್ಟು ಧೈರ್ಯವಾಗಿ ಕರೀತಿರೋದಕ್ಕೆ ಕಾರಣ ಇದೆ. ಜೊತೇಲಿ ಯಾರಿರ್ತಾರೆ ಅಂತ ಆಸ್ಪತ್ರೆಯವರು ಕೇಳಿದ್ರು. ನನಗೆ ಯಾರೂ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಒಡಹುಟ್ಟಿದ ತಮ್ಮ ಅಂತ ಹೇಳಿ ನಿನ್ನ ವಿಳಾಸ ಕೊಟ್ಬಿಟ್ಟೆ. ಸತ್ತೋದೆ ಅಂದಿದ್ದು ಸುಳ್ಳು, ಇದು ಮಾತ್ರ ನಿಜ.

ಇತಿ,
ಶೇಷಗಿರಿ