ದಿಬ್ಬದ ಮೇಲಿನ ಎಳೆ ಜೋಳ

ಕರೆಕಲ್ಲು ಕಾವಲು,
೨೧೯೧, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ನೂರರವತ್ತು ವರ್ಷ ಹಿಂದಿರುವ ಹಿರಿಯರಿಗೆ,

ನಿಮಗೆ ಹನ್ನೆರಡೇ ತಿಂಗಳು. ಮಳೆ ಮುಂದಕ್ಕೆ ಸರಿದ ಮೇಲೆ ನಾವು ಇನ್ನೊಂದನ್ನು ಸೇರಿಸಿಕೊಂಡೆವು. ಇಂಥ ಮಾತುಗಳು ವಿಚಿತ್ರವೆನಿಸಿದರೆ ಮನ್ನಿಸಿ. ವಿಷಯ ಮಾತ್ರ ನಿಮಗೆ ಗೊತ್ತಿರುವುದೇ.

ನಮ್ಮ ಮುನ್ನೂರು ಎಕರೆ ಕಾವಲಿನಲ್ಲಿ ಏನು ಬಿತ್ತಬೇಕು, ಯಾವಾಗ ಮೇಯಿಸಬೇಕು ಎಂದು ತೀರ್ಮಾನಿಸುವುದು ಮೇವುಸಭೆ. ಹನ್ನೊಂದು ವರ್ಷದ ಹಿಂದೆ ಸಭೆ ಇನ್ನೂರ ಮೂವತ್ತು ಎಕರೆ ಹುಲ್ಲು ಕೀಳಿಸಿ ಮೇವಿನ ಜೋಳ ಹಾಕಿಸಿತು. ಹಸಿಮೇವು ಹೆಚ್ಚು ಬರುತ್ತದೆ ಎಂದರು; ಸುಳ್ಳಲ್ಲ, ಬಂತು. ಆದರೆ ಬಾಡಿದ ಜೋಳ ಮಳೆ ಬಿದ್ದು ಮತ್ತೆ ಚಿಗುರಿದರೆ ಆ ಎಳೆ ಚಿಗುರು ವಿಷ. ಸೊಂಟದೆತ್ತರ ಬೆಳೆಯುವವರೆಗೆ ಕುರಿ ಬಿಡಬಾರದು. ಇದು ನಿಮ್ಮ ಕಾಲದ ಕೃಷಿ ಪುಸ್ತಕಗಳಲ್ಲೇ ಇದೆ. ಸಭೆಗೆ ಮೂರು ಸಲ ಓದಿ ಹೇಳಿದ್ದೇನೆ.

ಸಭೆ ಎತ್ತರ ಅಳೆಯುವುದು ಮೇವುನೋಟದಿಂದ, ಎಂದರೆ ಆಕಾಶದಿಂದ ತೆಗೆದ ಚಿತ್ರದಿಂದ. ಅದು ಇಡೀ ಹೊಲಕ್ಕೆ ಒಂದೇ ಸರಾಸರಿ ಕೊಡುತ್ತದೆ. ಕಳೆದ ವಾರ ಸರಾಸರಿ ಸೊಂಟ ದಾಟಿತೆಂದು ಗೇಟು ತೆರೆದರು. ತಗ್ಗಿನ ಜೋಳ ಎದೆಮಟ್ಟ ಇತ್ತು. ದಿಬ್ಬದ್ದು ಮೊಣಕಾಲಿಗೂ ಬಂದಿರಲಿಲ್ಲ. ಕುರಿಗಳು ಎಳೆಯದನ್ನೇ ಹುಡುಕಿಕೊಂಡು ದಿಬ್ಬ ಹತ್ತಿದವು. ನೆರೆಮನೆಯ ಕಾಟಮ್ಮನ ಮೂವತ್ತೊಂದು ಕುರಿ ಮಧ್ಯಾಹ್ನದೊಳಗೆ ಸತ್ತವು.

ನಿನ್ನೆ ಸಭೆಯಲ್ಲಿ ಅಧ್ಯಕ್ಷ ವೃಷಭೇಂದ್ರಪ್ಪ, ಅಳತೆ ಸರಿಯಾಗಿಯೇ ಇತ್ತು ಎಂದ. ಕಾಟಮ್ಮ ಎದ್ದಳು.

“ಏನ್ ಸ್ವಾಮಿ, ನನ್ ಕುರಿ ಸರಾಸರಿ ಮೇಯ್ತಾವಾ? ಬಾಯಿಗೆ ಸಿಕ್ಕಿದ್ದು ಮೇಯ್ತಾವೆ! ನೀವೊಂದ್ಸಲ ಪಂಚೆ ಎತ್ಕಟ್ಟಿ ದಿಬ್ಬ ಹತ್ತಿದ್ರೆ ನಿಮ್ ಮೊಣಕಾಲೇ ಹೇಳ್ತಿತ್ತು.”

ಜನ ನಕ್ಕರು. ಅಧ್ಯಕ್ಷನೂ ನಕ್ಕ. ನಕ್ಕು, ಉಳಿದ ಎಪ್ಪತ್ತು ಎಕರೆ ಹುಲ್ಲನ್ನೂ ಉತ್ತು ಜೋಳ ಹಾಕುವ ಠರಾವು ಓದಿದ. ವಿರುದ್ಧ ಎದ್ದದ್ದು ಎರಡೇ ಕೈ: ಅವಳದು, ನನ್ನದು.

ಆ ಎಪ್ಪತ್ತು ಎಕರೆಯಲ್ಲಿ ಗರಿಕೆ, ಅಂಜನ ಹುಲ್ಲು, ಕಾಡು ಹುರುಳಿ ಬೆರೆತು ಬೆಳೆದಿವೆ. ಒಂದು ಒಣಗಿದರೆ ಇನ್ನೊಂದು ಹಸಿರು. ಜೋಳ ಬೆಳೆಯುವವರೆಗೆ ಕಾಯಲು ಕುರಿಗಳಿಗೆ ಇದ್ದದ್ದು ಅದೊಂದೇ ಜಾಗ. ಇನ್ನು ಮೇಲೆ ಎಲ್ಲಿ ಕಾಯಬೇಕು ಎಂದು ಕೇಳಿದೆ. ನಾಡಿದ್ದು ನೇಗಿಲು ಇಳಿಯುತ್ತದೆ. ಆ ಹುಲ್ಲಿನ ಬೀಜ ಆರಿಸಿಡೋಣವೆಂದರೆ ಈಗ ತೆನೆಯಲ್ಲಿ ಕಾಳಿಲ್ಲ.

ನಿಮ್ಮಲ್ಲಿ ಆ ಹುಲ್ಲು ಧಾರಾಳವಾಗಿದೆ. ಕಾಳು ಬಲಿತಾಗ ಒಂದೊಂದರ ಬೀಜ ತೆಗೆದು, ಹೆಸರು ಬರೆದಿಡಿ. ಎರಡು ವರ್ಷಕ್ಕೊಮ್ಮೆ ಬಿತ್ತಿ ಹೊಸದು ಮಾಡಿಕೊಳ್ಳುತ್ತ, ಮಕ್ಕಳಿಗೆ ದಾಟಿಸಿ. ಕಾಟಮ್ಮ ತನ್ನ ಹಟ್ಟಿಯ ಹಿಂದಿನ ಒಂದು ಎಕರೆಯನ್ನು ಆ ಬೀಜ ಬಿತ್ತಲೆಂದೇ ಬಿಟ್ಟಿದ್ದಾಳೆ. ನೂರರವತ್ತು ವರ್ಷವಿದೆಯಲ್ಲ ಎಂದು ಕೂರಬೇಡಿ. ನಮಗೆ ಬೀಜ ಬೇಕಾದದ್ದು ಮುಂದಿನ ಮಳೆಗೆ.

ಇತಿ,
ಕೆಂಚರಾಯಪ್ಪ