ಎಡಗೈ ಎತ್ತಿದ ಮಕ್ಕಳು

ಜುಲೈ 9, ಬುಧವಾರ. ಪೆರಂಬೂರು.

ಸೊಸೆ ಮಾಲಿನಿ ಶಾಲೆಯಿಂದ ಬಂದವಳು ಕಾಫಿಯನ್ನೂ ಮುಟ್ಟಲಿಲ್ಲ. ಟೀಚರುಗಳನ್ನು ತಿದ್ದಲು ಬಂದಿರುವ ಕೋಚ್ ಮೇಡಂ ಇವಳ ಪಾಠ ನೋಡಲಿಲ್ಲವಂತೆ; ಮಕ್ಕಳ ನಡುವೆ ಕೂತು ಅವರನ್ನೇ ನೋಡಿದರಂತೆ.

ಉತ್ತರ ಗೊತ್ತಿದ್ದವರು ಬಲಗೈ ಎತ್ತಬೇಕು, ಗೊತ್ತಿಲ್ಲದವರು ಎಡಗೈ. ಬಲಗೈಯವರನ್ನಷ್ಟೇ ಕೇಳುವುದು. ನೋಡುವವರಿಗೆ ಎಲ್ಲರೂ ಜಾಣರೇ. ಆರು ವರ್ಷದ ಹಿಂದೆ ತಪಾಸಣೆಯ ದಿನಕ್ಕೆಂದು ಈ ಉಪಾಯ ಹೇಳಿಕೊಟ್ಟವಳು ನಾನು, ಶಾಲೆಯ ಮೆಟ್ಟಿಲು ಹತ್ತದೆ ಮನೆಯಲ್ಲೇ ಅಕ್ಷರ ಕಲಿತವಳು. ಆಮೇಲೆ ದಿನವೂ ಅದೇ ರೂಢಿಯಾಯಿತು.

"ಮೇಡಂ ಏನಂದ್ರು?"

"ಬೈದಿದ್ರೆ ಚೆನ್ನಾಗಿತ್ತು ಅತ್ತೆ. ನಗ್ತಾ ಎಡಗೈಗಳನ್ನ ಎಣಿಸಿದ್ರು. ನಾಳೆ ಆ ಇಪ್ಪತ್ತಾರು ಮಕ್ಕಳ ಹತ್ರ ಮಾತ್ರ ಮಾತಾಡ್ತಾರಂತೆ."

ತರಗತಿಯಲ್ಲಿರುವುದೇ ಮೂವತ್ತೊಂದು ಮಕ್ಕಳು. ಇವಳ ಕೆಲಸಕ್ಕೆ ಕುತ್ತು ಬಂದೀತೆಂದು ಸಂಜೆ ಹೆದರಿದ್ದೆ. ಈಗ ಕಣ್ಣು ಮುಚ್ಚಿದರೆ ಆ ಎಡಗೈಗಳೇ. ಆರು ವರ್ಷದಿಂದ ಅವು ಹಾಗೇ ಮೇಲೆದ್ದು, ಯಾರೂ ಕೇಳದೆ ಕೆಳಗಿಳಿಯುತ್ತಿವೆ.