ಒಂಬತ್ತನೆಯ ಸಹಿ

ಮನೆಯಿಂದ,
ಗುರುವಾರ, ಹದಿನಾಲ್ಕನೆಯ ತಾರೀಖು, ಮಧ್ಯಾಹ್ನ

ಆರನೆಯ ವಾರ್ಡಿನ ಮಾನ್ಯ ಸದಸ್ಯರೂ, ಒಂಬತ್ತು ದಿನಗಳಿಂದ ಅಕ್ಕನ ಮನೆಯಲ್ಲಿ ಮುನಿಸಿಕೊಂಡು ಕುಳಿತಿರುವ ನನ್ನ ಯಜಮಾನರೂ ಆದ ನಿಮಗೆ,

ನಾನು ಕ್ಷೇಮ. ನಿಮ್ಮ ಕ್ಷೇಮದ ವರದಿ ನಿಮ್ಮ ಅಕ್ಕನಿಂದ ದಿನಕ್ಕೆರಡು ಸಲ ಫೋನಿನಲ್ಲಿ ಬರುತ್ತಿದೆ. “ಹೊಟ್ಟೆಗೇನೂ ಮುನಿಸಿಲ್ಲ ಕಣೇ, ಬಾಯಿಗೆ ಮಾತ್ರ ಬೀಗ” ಎಂದು ನಿನ್ನೆ ಅಂದರು. ನಾನು ಮಾಡಿದರೆ ನೀವು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಓದದೆ ಓದಿದೆ ಎನ್ನಬೇಡಿ. ಮೂವತ್ತು ವರ್ಷ ಗ್ರಂಥಾಲಯದಲ್ಲಿ ಕೂತವಳಿಗೆ, ಬಿಡಿಸದೆ ವಾಪಸು ಬಂದ ಪುಸ್ತಕ ಯಾವುದು ಎಂದು ಮುಟ್ಟಿದರೇ ತಿಳಿಯುತ್ತದೆ.

ನಡೆದದ್ದನ್ನೆಲ್ಲ ಮೊದಲಿನಿಂದ ಸಾಲಾಗಿ ಬರೆಯುತ್ತೇನೆ. ಅರ್ಧ ನಿಮಗೆ ಗೊತ್ತಿರುವುದೇ. ಆದರೆ ಸಿಟ್ಟಿನಲ್ಲಿ ನಾವಿಬ್ಬರೂ ಸಾಲು ತಪ್ಪಿದ್ದೇವೆ.

ನಮ್ಮ ಪುರಸಭೆಯ ಮೇಲಿನ ನನ್ನ ಕೋಪ ಇವತ್ತಿನದಲ್ಲ. ಉದ್ಘಾಟನೆಯ ದಿನ ಮಾತ್ರ ಚಿಮ್ಮಿದ ಕಾರಂಜಿ, ಕಾಗದದ ಮೇಲೆ ಮೂರು ಸಲ ಡಾಂಬರು ಕಂಡ ಸಂತೆ ರಸ್ತೆ, ಛಾವಣಿಯಿಲ್ಲದ ಬಸ್ ತಂಗುದಾಣ, ಎಲ್ಲದರ ಪೇಪರ್ ತುಣುಕುಗಳೂ ತಾರೀಖು ಸಮೇತ ನನ್ನ ಬೀರುವಿನಲ್ಲಿವೆ. ಊಟಕ್ಕೆ ಕೂತಾಗಲೆಲ್ಲ ನಿಮ್ಮ ತಟ್ಟೆಗೆ ಅವನ್ನೂ ಬಡಿಸುತ್ತಿದ್ದೆ. ಒಂದು ದಿನ ನೀವು ಕೈ ತೊಳೆಯುತ್ತಾ, “ಪೇಪರ್ ಕತ್ತರಿಸಿ ಕೂಗಾಡೋದು ಸುಲಭ ಕಣೇ. ಒಂದ್ಸಲ ಸಭೆಗೆ ಬಂದು ಕೂತು ನೋಡು, ಗೊತ್ತಾಗುತ್ತೆ” ಅಂದಿರಿ. ನಾನು ಪುರಸಭೆಯ ಕಾಯಿದೆ ಪುಸ್ತಕ ತೆಗೆದು ಓದಿದೆ. ಸಾರ್ವಜನಿಕರು ಸಭೆಯಲ್ಲಿ ಕೂತು ನೋಡಬಹುದು ಎಂದು ಸ್ಪಷ್ಟವಾಗಿ ಬರೆದಿತ್ತು. ಸಭಾಂಗಣದ ಹಿಂದೆ ಕಟಕಟೆಯ ಈಚೆ ಹನ್ನೆರಡು ಕುರ್ಚಿಗಳೂ ಇದ್ದವು. ಇಪ್ಪತ್ತು ವರ್ಷಗಳಿಂದ ಅವುಗಳ ಮೇಲೆ ಕೂತಿದ್ದವು ಕೆಟ್ಟ ಟ್ಯೂಬ್‌ಲೈಟುಗಳು ಮಾತ್ರ.

ಹಾಗಾಗಿ ಕಳೆದ ತಿಂಗಳ ಮೊದಲ ಸೋಮವಾರ ನಾವು ಹನ್ನೆರಡು ಜನ ಹೋದೆವು. ಎದುರು ಮನೆಯ ನರ್ಸಮ್ಮ, ಮೂಲೆಯಂಗಡಿಯ ದರ್ಜಿ, ನನ್ನ ವಾಚನಾಲಯದ ಹಳೆಯ ಓದುಗರು ಒಂದಷ್ಟು ಜನ. ಟ್ಯೂಬ್‌ಲೈಟುಗಳನ್ನು ಗೋಡೆಗೆ ಒರಗಿಸಿ ಕೂತೆವು. ನೀವು ಬರಲಿಲ್ಲ, ಹಲ್ಲಿನ ವೈದ್ಯರ ಬಳಿ ಹೋಗಿದ್ದಿರಿ. ಎಡವಟ್ಟು ವಿಷಯ ಬರುವ ಸಭೆಯ ದಿನವೇ ನಿಮ್ಮ ಹಲ್ಲು ನೋಯುವುದನ್ನು ನಾನು ಹನ್ನೊಂದು ವರ್ಷಗಳಿಂದ ನೋಡಿದ್ದೇನೆ. ಇದು ಕುಹಕವಲ್ಲ, ದಾಖಲೆ.

ಆ ದಿನ ನಲವತ್ತೊಂದನೆಯ ವಿಷಯ “ಸರ್ವೆ ನಂಬರ್ ಇನ್ನೂರ ಹನ್ನೆರಡು, ಗುತ್ತಿಗೆಗೆ ಮಂಜೂರು” ಎಂದು ಓದಿ ಮುಗಿಸಲು ಒಂದು ಸೀನು ಸೀನುವಷ್ಟು ಹೊತ್ತೂ ಬೇಕಾಗಲಿಲ್ಲ. ನರ್ಸಮ್ಮ ಮೆಚ್ಚಿ ತಲೆದೂಗಿದರು. “ಏನು ಚುರುಕು ನೋಡಿ ಕೆಲಸ!” ಅಂದರು. ಇನ್ನೂರ ಹನ್ನೆರಡು ಎಂದರೆ ನಮ್ಮ ಮಕ್ಕಳ ಆಟದ ಮೈದಾನ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕಳ್ಳತನ ತಡೆಯಲು ಹೋದ ಹನ್ನೆರಡು ಜನರ ಕಣ್ಣೆದುರೇ ಮೈದಾನ ಮೂವತ್ತು ವರ್ಷಗಳಿಗೆ ಅಧ್ಯಕ್ಷರ ಭಾವಮೈದುನನ ಪಾಲಾಯಿತು. ನಾವು ಅದನ್ನು ನೋಡಿ ಮೆಚ್ಚಿಕೊಂಡು ಮನೆಗೆ ಬಂದೆವು.

ವಿಷಯ ತಿಳಿದ ಮೇಲೆ ನಡಾವಳಿಯ ನಕಲು ಕೇಳಿ ಅರ್ಜಿ ಹಾಕಿದೆ. ಹದಿನೇಳು ಸದಸ್ಯರಲ್ಲಿ ಒಂಬತ್ತು ಜನ ಹಾಜರಿದ್ದರೆ ಮಾತ್ರ ಸಭೆ ಊರ್ಜಿತ. ನಕಲಿನ ಜೊತೆ ಬಂದ ಹಾಜರಿ ಪಟ್ಟಿಯಲ್ಲಿ ಸರಿಯಾಗಿ ಒಂಬತ್ತು ಸಹಿ ಇದ್ದವು. ಎಂಟು ಅಧ್ಯಕ್ಷರ ಕಡೆಯವರದು. ಒಂಬತ್ತನೆಯದು ನಿಮ್ಮದು.

ಆಮೇಲೆ ನಾನು ಆಡಿದ್ದನ್ನು ನೆನಪಿಸುವ ಅಗತ್ಯವಿಲ್ಲ, ಬೀದಿಗೆಲ್ಲ ಕೇಳಿಸಿದೆ. ಮೊದಲೇ ಬಂದು ಸಹಿ ಗೀಚಿ ಹಿಂದಿನ ಬಾಗಿಲಿನಿಂದ ಜಾರಿಕೊಂಡಿರಿ, ಹಲ್ಲುನೋವು ಬರೀ ನಾಟಕ, ಮೈದಾನ ಮಾರಿದ್ದರಲ್ಲಿ ನಿಮಗೂ ಪಾಲಿದೆ ಎಂದೆಲ್ಲ ಅಂದೆ. ನೀವು ಆ ನಕಲನ್ನು ಕನ್ನಡಕ ಹಾಕಿಕೊಂಡು ನೋಡಿದಿರಿ, ಕನ್ನಡಕ ತೆಗೆದೂ ನೋಡಿದಿರಿ. ನನ್ನ ಮುಖವನ್ನೂ ಒಂದು ಸಲ ನೋಡಿದಿರಿ. ಒಂದು ಮಾತೂ ಆಡದೆ ಚೀಲಕ್ಕೆ ಎರಡು ಅಂಗಿ ತುಂಬಿಕೊಂಡು ಹೊರಟಿರಿ. ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡೆ. ಮರುದಿನವೇ ಬೀದಿಯವರೆಲ್ಲ ಸೇರಿ ಮೇಲಿನವರಿಗೆ ದೂರು ಕಳಿಸಿದೆವು. ದೂರಿನಲ್ಲಿ ಮೊದಲ ಹೆಸರು ನಿಮ್ಮದು. ಬರೆದ ಕೈ ನನ್ನದು.

ಈಗ ಸ್ವಲ್ಪ ನಗಿಸುತ್ತೇನೆ, ಮುಂದಿನದನ್ನು ಬರೆಯಲು ನನಗೇ ಬೇಕಾಗಿದೆ.

ಕಳೆದ ಶುಕ್ರವಾರ ತುರ್ತು ಸಭೆ ಇತ್ತು. ಅದಕ್ಕೂ ಹನ್ನೆರಡು ಜನ ಹೋದೆವು. ಕಟಕಟೆಯ ಈಚೆ ಕೂತವರು ಬಾಯಿ ಬಿಡುವಂತಿಲ್ಲ ಎಂಬುದು ನಿಯಮ. ದರ್ಜಿ ಮೂರು ದಿನ ಅಂಗಡಿ ಮುಚ್ಚಿ ಊರಿನ ನಕ್ಷೆಯನ್ನು ಬಟ್ಟೆಯ ಮೇಲೆ ಹೊಲಿದಿದ್ದಳು. ಮೈದಾನಕ್ಕೆ ಹಸಿರು, ಕೆರೆಗೆ ನೀಲಿ, ಶಾಲೆಗೆ ಹಳದಿ, ಪ್ರತಿಯೊಂದರ ಮೇಲೂ ಅಂಗೈಯಗಲದ ಸರ್ವೆ ನಂಬರು. ಅದನ್ನು ಎಲ್ಲರ ಮಡಿಲ ಮೇಲೆ ಉದ್ದಕ್ಕೆ ಹರಡಿಕೊಂಡು ಕೂತೆವು. ಗುಮಾಸ್ತ ಒಂದು ನಂಬರ್ ಓದುವುದೇ ತಡ, ಆ ತುಂಡಿನ ಹಿಂದೆ ಕೂತವರು ಅದನ್ನು ಮೊಣಕಾಲಿನಿಂದ ಮೇಲಕ್ಕೆತ್ತುತ್ತಿದ್ದರು. ಸದಸ್ಯರೇ ಕುರ್ಚಿ ತಿರುಗಿಸಿ ನೋಡತೊಡಗಿದರು. “ಅಯ್ಯೋ, ಇದು ಸ್ಕೂಲ್ ಹಿಂದಿನ ಬಾವಿ ಜಾಗ ಅಲ್ವೇನ್ರೀ?” ಎಂದು ನಾಲ್ಕನೆಯ ವಾರ್ಡಿನವರು ಕೂಗಿದರು. ಕೈಯೆತ್ತುತ್ತಲೇ ಇದ್ದರಂತೆ ಪಾಪ, ಇಷ್ಟು ವರ್ಷ ಯಾವುದಕ್ಕೆ ಎಂದು ಗೊತ್ತಿರಲಿಲ್ಲ.

ಅಧ್ಯಕ್ಷರು ಕೆಂಪಾದರು. “ಏನಮ್ಮ ಅದು? ಮಡಚಿ ಇಡಿ!”

ದರ್ಜಿ ಎದ್ದು ನಿಂತು, “ಹೊದಿಕೆ ಸ್ವಾಮಿ. ನಿಮ್ಮ ಫ್ಯಾನ್ ಗಾಳಿ ಜೋರು, ನಮ್ಮ ಕಾಲು ಹಿಡ್ಕೊಳ್ಳುತ್ತೆ” ಅಂದಳು.

“ಫ್ಯಾನ್ ಆಫ್ ಮಾಡ್ರೋ!”

ಫ್ಯಾನ್ ನಿಂತಿತು. ಎಲ್ಲರೂ ಬೆವತರು. ಹೊದಿಕೆ ಮಾತ್ರ ಕದಲಲಿಲ್ಲ. ಆ ದಿನ ಪಟ್ಟಿಯಲ್ಲಿದ್ದ ಆರು ನಂಬರುಗಳಲ್ಲಿ ನಾಲ್ಕನ್ನು “ಮುಂದಿನ ಸಭೆಗೆ” ಎಂದು ಅವರೇ ಹಿಂದಕ್ಕೆ ತೆಗೆದುಕೊಂಡರು. ನಾವು ಒಂದು ಘೋಷಣೆ ಕೂಗಿಲ್ಲ, ಒಂದು ಕಲ್ಲು ಎತ್ತಿಲ್ಲ. ಬೀರು ತುಂಬ ಪೇಪರ್ ತುಣುಕು ಸೇರಿಸಿ ಮೂವತ್ತು ವರ್ಷಗಳಲ್ಲಿ ಆಗದ್ದು ಮೂರು ಗಂಟೆ ಕಣ್ಣುಬಿಟ್ಟು ಕೂತದ್ದರಿಂದ ಆಯಿತು. ಬಂದು ಕೂತು ನೋಡು ಎಂದವರು ನೀವೇ. ಆ ಸಂತೋಷವನ್ನು ಹೇಳಿಕೊಳ್ಳಲು ಮನೆಗೆ ಬಂದರೆ ಮನೆಯಲ್ಲಿ ನೀವಿರಲಿಲ್ಲ.

ಸರಿ. ಇನ್ನು ನಿನ್ನೆಯ ವಿಷಯ.

ದೂರಿನ ಮೇಲೆ ತನಿಖಾಧಿಕಾರಿ ಬಂದಿದ್ದಾರೆ. ನಿನ್ನೆ ನನ್ನನ್ನೂ ನರ್ಸಮ್ಮನನ್ನೂ ಕರೆದು ಮೂಲ ಹಾಜರಿ ಪುಸ್ತಕವನ್ನೇ ಮೇಜಿನ ಮೇಲೆ ಬಿಡಿಸಿಟ್ಟರು. ನಕಲಿನಲ್ಲಿ ಎಲ್ಲ ಸಹಿಯೂ ಕಪ್ಪಗೇ ಕಂಡಿದ್ದವು. ಮೂಲದಲ್ಲಿ ಎಂಟು ನೀಲಿ ಬಾಲ್‌ಪೆನ್ನು. ಒಂಬತ್ತನೆಯದು ನೇರಳೆ ಶಾಯಿ.

ಈ ಊರಿನಲ್ಲಿ ನೇರಳೆ ಶಾಯಿ ಬಳಸುವವಳು ಒಬ್ಬಳೇ ಎಂದು ನಿಮಗೆ ಗೊತ್ತು.

ಆಗ ಎಲ್ಲ ನೆನಪಾಯಿತು. ಆ ಸೋಮವಾರ ಜವಾನ ಸಂದರ್ಶಕರ ಪುಸ್ತಕದ ಜೊತೆಗೆ ಸದಸ್ಯರ ಹಾಜರಿ ಪುಸ್ತಕವನ್ನೂ ಒಂದರ ಮೇಲೊಂದು ಇಟ್ಟು ತಂದಿದ್ದ. ಮೇಲಿನದರಲ್ಲಿ ನಿಮ್ಮ ಹೆಸರಿನ ಮುಂದೆ ಖಾಲಿ ಇತ್ತು. ನರ್ಸಮ್ಮನ ಜೊತೆ ಮಾತಾಡುತ್ತಲೇ ಸಹಿ ಹಾಕಿಬಿಟ್ಟೆ. ನಿಮ್ಮ ಹೆಸರು, ಮುಂದೆ ಖಾಲಿ ಜಾಗ, ನನ್ನ ಕೈಯಲ್ಲಿ ಪೆನ್ನು, ಇಷ್ಟು ಸಾಕು. ಮಕ್ಕಳ ಅಂಕಪಟ್ಟಿಯಿಂದ ಪಾರ್ಸಲ್ ಚೀಟಿಯವರೆಗೆ ಮೂವತ್ತೆರಡು ವರ್ಷ ನಾನು ಮಾಡಿದ್ದೇ ಅದು. ನಿಮ್ಮ ನಿಜವಾದ ಸಹಿಯನ್ನು ಬ್ಯಾಂಕಿನವರು ಹೊಂದುತ್ತಿಲ್ಲ ಎಂದು ವಾಪಸು ಕಳಿಸಿದ್ದು ನೆನಪಿದೆಯೇ? ಅವರ ಬಳಿ ಇದ್ದ ಮಾದರಿ ನಾನು ಹಾಕಿದ್ದು! ಆ ದಿನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಅಂದರೆ ಸಭೆಗೆ ಎಂಟೇ ಜನ ಬಂದಿದ್ದರು. ಗುಮಾಸ್ತ ತಲೆ ಎಣಿಸಲಿಲ್ಲ, ಸಹಿ ಎಣಿಸಿದ. ಮೈದಾನವನ್ನು ಕೊಡಿಸಿದ ಒಂಬತ್ತನೆಯ ಸಹಿ ಹಾಕಿದವಳು ನಾನು. ನೀವು ನಕಲು ನೋಡಿದ ಕ್ಷಣವೇ ಅದು ಯಾರ ಕೈ ಎಂದು ಗುರುತು ಹಿಡಿದಿದ್ದಿರಿ. ಬಾಯಿ ಬಿಟ್ಟರೆ ಸರ್ಕಾರಿ ಪುಸ್ತಕದಲ್ಲಿ ಕಳ್ಳ ಸಹಿ ಹಾಕಿದವಳೆಂದು ನನ್ನನ್ನು ಎಳೆಯುತ್ತಾರೆ ಎಂದು ಕಳ್ಳನ ಪಟ್ಟ ಹೊತ್ತು ಅಕ್ಕನ ಮನೆ ಸೇರಿದಿರಿ. ನಾನು ಬೈಯುವಾಗಲಾದರೂ “ನೀನೇ ಕಣೇ” ಎನ್ನಬಾರದಿತ್ತೇ? ಎಂದಿದ್ದರೆ ನಾನು ನಂಬುತ್ತಿರಲಿಲ್ಲ, ಅದೂ ನಿಮಗೆ ಗೊತ್ತಿತ್ತು.

ಇದು ದೊಡ್ಡ ಮನಸ್ಸು ಎಂದು ಹೊಗಳುತ್ತೇನೆ ಎಂದುಕೊಳ್ಳಬೇಡಿ. ಹೆಂಡತಿಯನ್ನು ಉಳಿಸಲು ಮೈದಾನ ಹೋದರೂ ಸರಿ ಎಂದು ಸುಮ್ಮನಿದ್ದಿರಿ. ಅಧ್ಯಕ್ಷರು ಭಾವಮೈದುನನಿಗಾಗಿ ಮಾಡಿದ್ದೂ ಅದೇ ಜಾತಿಯ ಕೆಲಸವಲ್ಲವೇ? ಇಷ್ಟು ಬರೆದು ಒಂದು ಲೋಟ ನೀರು ಕುಡಿದು ಬಂದೆ. ಕಣ್ಣಲ್ಲಿ ನೀರು ಬಂದದ್ದು ಬೇರೆ ವಿಷಯ.

ನರ್ಸಮ್ಮ ನೇರಳೆ ಶಾಯಿ ನೋಡಿದರು, ನನ್ನನ್ನು ನೋಡಿದರು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು, “ನಾನೇನೂ ನೋಡಿಲ್ಲ ಕಣ್ರೀ. ನನಗೆ ಪೊರೆ ಬಂದಿದೆ” ಅಂದರು. ಅದೇ ಮಾತು ನನ್ನನ್ನು ಚುಚ್ಚಿತು. ನಮ್ಮವರು ಎಂದೊಡನೆ ಎಲ್ಲರ ಕಣ್ಣಿಗೂ ಪೊರೆ ಬರುವುದಾದರೆ ಹನ್ನೆರಡು ಕುರ್ಚಿ ಏಕೆ, ಟ್ಯೂಬ್‌ಲೈಟುಗಳೇ ಕೂತಿರಬಹುದಿತ್ತು.

ಇವತ್ತು ಬೆಳಿಗ್ಗೆ ಹತ್ತಕ್ಕೆ ತನಿಖಾಧಿಕಾರಿಯ ಮುಂದೆ ಕೂತು ಎಲ್ಲವನ್ನೂ ಬರೆದುಕೊಟ್ಟೆ. ಅವರು ಇನ್ನೊಂದು ಹಾಳೆಯ ಮೇಲೆ ನಿಮ್ಮ ಸಹಿ ಹಾಕಿಸಿ ನೋಡಿದರು. “ಎಷ್ಟು ವರ್ಷದಿಂದ ಅಭ್ಯಾಸ?” ಎಂದು ಕೇಳಿದರು. “ಮದುವೆಯಾದಾಗಿನಿಂದ” ಅಂದೆ. ಆ ಮನುಷ್ಯ ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ತಿರುಗಿದರು, ಹೆಗಲು ಮಾತ್ರ ಕುಲುಕುತ್ತಿತ್ತು. ಆಮೇಲೆ ಗಂಭೀರವಾಗಿ, ಹಾಜರಿ ಎಂಟೇ ಆದ್ದರಿಂದ ಮೈದಾನದ ನಿರ್ಣಯ ಅಸಿಂಧು ಎಂದರು. ನನಗೆ ಲಿಖಿತ ಎಚ್ಚರಿಕೆ ಬರುತ್ತದಂತೆ, ಹೆಚ್ಚೆಂದರೆ ದಂಡ. ಬರಲಿ, ಎಚ್ಚರಿಕೆಯನ್ನು ತಾರೀಖು ಹಾಕಿ ಬೀರುವಿಗೆ ಸೇರಿಸುತ್ತೇನೆ.

ಹಾಗಾಗಿ ನೀವು ಹೊರುತ್ತಿರುವ ಮೂಟೆಯಲ್ಲಿ ಈಗ ಏನೂ ಇಲ್ಲ. ಬೀದಿಯಲ್ಲಿ ಮನೆಮನೆಗೆ ಹೋಗಿ ನಾನೇ ಹೇಳಿ ಬಂದೆ. ದರ್ಜಿಯಂತೂ, “ಹಾಗಾದ್ರೆ ಅಣ್ಣನ ಮೇಲೆ ಬಿಟ್ಟ ಬೈಗುಳ ಎಲ್ಲ ನಿಮಗೆ ವರ್ಗಾಯಿಸ್ಲಾ ಅಕ್ಕಾ?” ಎಂದಳು. ಧಾರಾಳವಾಗಿ ಅಂದೆ.

ಆದರೆ ಸೋಮವಾರ ಮೈದಾನದ ವಿಷಯ ಮತ್ತೆ ಸಭೆಗೆ ಬರುತ್ತಿದೆ. ಈ ಸಲ ಅವರು ಒಂಬತ್ತನೆಯವರನ್ನು ಎಲ್ಲಿಂದಲಾದರೂ ಹೊಂದಿಸುತ್ತಾರೆ, ಆಗ ಸಭೆಗೆ ಬಾರದೆ ದೂರ ನಿಂತು ತಡೆಯಲಾಗುವುದಿಲ್ಲ. ನಮ್ಮ ಕಡೆಗೆ ಉಳಿದ ಏಳು ಜನ ಬರುತ್ತಾರೆ, ಅವರ ಎಂಟರಲ್ಲಿದ್ದ ನಾಲ್ಕನೆಯ ವಾರ್ಡಿನವರು ನಕ್ಷೆ ನೋಡಿದ ಮೇಲೆ ಈ ಕಡೆ ವಾಲಿದ್ದಾರೆ, ಅಲ್ಲಿಗೆ ಎಂಟಕ್ಕೆಂಟು. ನೀವೊಬ್ಬರು ಎದ್ದು ನಿಂತು “ಬೇಡ” ಎಂದರೆ ಮೈದಾನ ಉಳಿಯುತ್ತದೆ. ನಾನು ಹಿಂದಿನ ಕುರ್ಚಿಯಲ್ಲಿ ಕೂತಿರುತ್ತೇನೆ. ನೀವು ಬೇಕು ಎಂದರೂ ಬರೆದುಕೊಳ್ಳುತ್ತೇನೆ, ಬೇಡ ಎಂದರೂ ಬರೆದುಕೊಳ್ಳುತ್ತೇನೆ. ಆಮೇಲೆ ಇಬ್ಬರೂ ಒಟ್ಟಿಗೆ ಮನೆಗೆ ನಡೆದು ಬರೋಣ. ಹಲ್ಲು ನೋಯುತ್ತಿದ್ದರೆ ಲವಂಗ ತರುತ್ತೇನೆ.

ನಿಮ್ಮ ವಾರ್ಡಿನ ಮತದಾರಳು, ದೂರುದಾರಳು, ಎಲ್ಲಕ್ಕಿಂತ ಮೊದಲು ಅಪರಾಧಿ,
ನಿಮ್ಮ ಮನೆಯವಳು
(ಇದು ನನ್ನದೇ ಸಹಿ)

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ನೀವು ಚೀಲ ಹಿಡಿದು ಹೋದ ದಿನ ಸಿಟ್ಟಿನ ಭರದಲ್ಲಿ ನಿಮ್ಮ ಸದಸ್ಯತ್ವಕ್ಕೆ ರಾಜೀನಾಮೆ ಬರೆದು, ನಿಮ್ಮ ಸಹಿ ಹಾಕಿ, ಪುರಸಭೆಗೆ ಅಂಚೆಯಲ್ಲಿ ಕಳಿಸಿಬಿಟ್ಟೆ. ಇದನ್ನೂ ತನಿಖಾಧಿಕಾರಿಗೆ ಹೇಳಿದ್ದೇನೆ. ಈ ಸಲ ಅವರು ಕಿಟಕಿಯ ಕಡೆ ತಿರುಗಲಿಲ್ಲ, ಎದುರಿಗೇ ನಕ್ಕರು. ಲಕೋಟೆ ಒಡೆದು ದಾಖಲಾಗುವ ಮೊದಲು ನೀವೇ ಖುದ್ದಾಗಿ ಹೋಗಿ ವಾಪಸು ಪಡೆಯಬೇಕಂತೆ. ಗುಮಾಸ್ತನನ್ನು ವಿಚಾರಿಸಿದೆ. ಅಲ್ಲಿ ಟಪಾಲು ಒಡೆಯಲು ಹನ್ನೆರಡು ದಿನ ಹಿಡಿಯುತ್ತದೆ. ಈ ವಿಳಂಬದ ವಿರುದ್ಧ ನಾನು ಬರೆದ ಏಳು ದೂರುಗಳೂ ಅದೇ ರಾಶಿಯಲ್ಲಿವೆಯಂತೆ. ಜೀವನದಲ್ಲಿ ಮೊದಲ ಸಲ ಆ ಕಚೇರಿಯ ಸೋಮಾರಿತನಕ್ಕೆ ಕೈ ಮುಗಿಯುತ್ತಿದ್ದೇನೆ. ಬೇಗ ಬನ್ನಿ, ಅವರು ಸುಧಾರಿಸುವ ಮೊದಲು.